ತೇರು ಎಳೆಯುವ ಸಾಲಿಗೆ ಎಷ್ಟು ಚಿತ್ರ ಬೇಕು? ಟಿವಿ ಅನಿಮೇಷನ್ ಬರೆಯುವವರ, ನಿರ್ಮಿಸುವವರ ಕೆಲಸ

(ಕಲಬುರಗಿಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಕಥೆ ಬರೆಯುವ ಆಸಕ್ತರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದೆ.)

ಎಲ್ಲರಿಗೂ ಶರಣು ಶರಣಾರ್ಥಿ.

ಒಂದು ಸಾಲು ಬರೆದುಕೊಳ್ಳಿ: ‘ಶರಣಬಸವೇಶ್ವರರ ಜಾತ್ರೆ. ಸಾವಿರಾರು ಜನ ತೇರು ಎಳೆಯುತ್ತಿದ್ದಾರೆ.’ ಕಥೆಯಲ್ಲಿ ಈ ಸಾಲಿಗೆ ಖರ್ಚಿಲ್ಲ. ಸಾಕ್ಷ್ಯಚಿತ್ರ ಮಾಡುವವರು ಹೋಳಿ ಮುಗಿದ ಮೇಲೆ ಗುಡಿಯ ಮುಂದೆ ಕ್ಯಾಮೆರಾ ನಿಲ್ಲಿಸಿದರೆ ಸಾಕು, ಜನ ತಾವಾಗಿಯೇ ಬರುತ್ತಾರೆ, ತೇರೂ ಬರುತ್ತದೆ. ಅನಿಮೇಷನ್‌ನಲ್ಲಿ ಯಾರೂ ತಾವಾಗಿ ಬರುವುದಿಲ್ಲ. ಪ್ರತಿ ತಲೆ, ಪ್ರತಿ ಪಟಕ (ರುಮಾಲು), ಹಗ್ಗದ ಪ್ರತಿ ಜೋಲು ಯಾರೋ ಒಬ್ಬರ ಕೈಯಿಂದ ಬರಬೇಕು. ಈ ಒಂದು ಸಾಲು ಇಡೀ ಕಂತಿನ ಅತಿ ದುಬಾರಿ ಸಾಲು. ಬರೆದವರಿಗೆ ಅದು ಗೊತ್ತಿಲ್ಲದಿದ್ದರೆ, ಮೂರು ತಿಂಗಳ ನಂತರ ನಿರ್ಮಾಪಕರ ಮೇಜಿನ ಮೇಲೆ ಗೊತ್ತಾಗುತ್ತದೆ. ಆಗ ಜಾತ್ರೆಯನ್ನೇ ಕತ್ತರಿಸಿ ಹಾಕುತ್ತಾರೆ, ಜೊತೆಗೆ ಕಥೆಯೂ ಕುಂಟುತ್ತದೆ.

ಗೊತ್ತಿರುವವರು ಅದೇ ಜಾತ್ರೆಯನ್ನು ಹೀಗೆ ಬರೆಯುತ್ತಾರೆ. ಮೊದಲ ಶಾಟ್, ಮೂರು ಸೆಕೆಂಡು: ಹಗ್ಗ ಹಿಡಿದ ನಾಲ್ಕು ಕೈಗಳು, ಹಗ್ಗ ಬಿಗಿಯುತ್ತದೆ. ಎರಡನೆಯದು, ಎರಡು ಸೆಕೆಂಡು: ತೇರಿನ ಗಾಲಿ, ಸುತ್ತ ಧೂಳು. ಗಾಲಿ ಒಂದೇ ಚಿತ್ರ, ಅದನ್ನು ತಿರುಗಿಸಿದರೆ ಆಯಿತು. ಮೂರನೆಯದು, ನಾಲ್ಕು ಸೆಕೆಂಡು: ಮುತ್ಯಾನ, ಅಂದರೆ ಅಜ್ಜನ, ಹೆಗಲ ಮೇಲೆ ಕೂತ ಹುಡುಗಿಯ ಮುಖ, ಅವಳ ಹಿಂದೆ ಆಕಾಶದಲ್ಲಿ ಕಳಸ ಮೆಲ್ಲಗೆ ಸರಿಯುತ್ತದೆ. ಕಳಸವೂ ಒಂದೇ ಚಿತ್ರ. ನಾಲ್ಕನೆಯದು: ಹುಡುಗಿ ಎಸೆದ ಉತ್ತತ್ತಿ ತೇರಿಗೆ ತಾಗಿ ಪುಟಿದು ಬಂದು ಮುತ್ಯಾನ ಪಟಕದ ಮೇಲೆ ಬೀಳುತ್ತದೆ. ಸಾವಿರಾರು ಜನ ಎಲ್ಲಿ? ಅವರು ಧ್ವನಿಯಲ್ಲಿದ್ದಾರೆ. ಜಾತ್ರೆಯ ದಿನ ಒಮ್ಮೆ ಹೋಗಿ ಹತ್ತು ನಿಮಿಷ ಗದ್ದಲ ರೆಕಾರ್ಡ್ ಮಾಡಿಕೊಂಡು ಬಂದರೆ ಇಡೀ ಸರಣಿಗೆ ಸಾಕು. ನೋಡ್ರಿ, ಬಿಡಿಸಿದ್ದು ಎರಡು ಪಾತ್ರ, ನಾಲ್ಕು ಕೈ. ಜಾತ್ರೆ ಮಾತ್ರ ಪೂರ್ತಿ ಬಂತು, ಮೇಲಾಗಿ ಆ ಹುಡುಗಿಯ ಕಣ್ಣಿಂದ ಬಂತು.

ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ದೇಶದ ಟಿವಿ ಸೆಕೆಂಡಿಗೆ 25 ಫ್ರೇಮ್‌ನದು, ಅಂದರೆ ಒಂದು ಸೆಕೆಂಡಿನಲ್ಲಿ 25 ಬಿಡಿ ಚಿತ್ರ ಸರಿಯುತ್ತವೆ. ಮಕ್ಕಳ ಕಾರ್ಟೂನ್ ಕಂತು ಬಹುಮಟ್ಟಿಗೆ 11 ನಿಮಿಷದ್ದು. ಎರಡು ಕಂತು ಸೇರಿ 22 ನಿಮಿಷ, ಜಾಹೀರಾತು ಸೇರಿ ಅರ್ಧ ಗಂಟೆಯ ಸ್ಲಾಟ್. ತೀರ ಚಿಕ್ಕ ಮಕ್ಕಳದ್ದು 5ರಿಂದ 7 ನಿಮಿಷವೂ ಇರುತ್ತದೆ. 11 ನಿಮಿಷ ಎಂದರೆ 660 ಸೆಕೆಂಡು, 16,500 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದಿಟ್ಟರೂ 8,250 ಭಂಗಿ. ಅದೂ ಪರದೆಯ ಮೇಲೆ ಒಂದೇ ಪಾತ್ರ ಇದ್ದರೆ. ಈಗ ಕಂಪ್ಯೂಟರಿನಲ್ಲಿ ಕೈಕಾಲು ಬೇರೆಬೇರೆ ಇಟ್ಟು ಜೋಡಿಸಿದ ರಿಗ್ ಬಂದಿದೆ, ಹಾಗಾಗಿ ಪ್ರತಿ ಭಂಗಿಯನ್ನೂ ಹೊಸದಾಗಿ ಬಿಡಿಸಬೇಕಿಲ್ಲ. ಆದರೂ ಒಬ್ಬ ಕಲಾವಿದನಿಂದ ವಾರಕ್ಕೆ 30 ಸೆಕೆಂಡು ಒಳ್ಳೆಯ ಕೆಲಸ ಬರುತ್ತದೆ ಎಂದು ಹಿಡಿಯಿರಿ. 660 ಸೆಕೆಂಡಿಗೆ 22 ಜನ, ಒಂದು ವಾರ. ವಾರಕ್ಕೊಂದು ಕಂತು ಕೊಡುತ್ತೇವೆಂದು ಚಾನೆಲ್‌ಗೆ ಒಪ್ಪಿಕೊಂಡರೆ 22 ಜನ ಸದಾ ಕೂತಿರಬೇಕು. ತಪ್ಪು ತಿದ್ದುವ ರೀಟೇಕ್‌ಗೆ ಇನ್ನೂ ಇಬ್ಬರೋ ಮೂವರೋ ಬೇಕು. ಬರಹಗಾರರಾಗಿ ಶುರು ಮಾಡಿದವರು ನಿರ್ಮಾಪಕರಾಗಿ ಬೆಳೆಯುವುದು ಈ ಲೆಕ್ಕ ಕೈಗೆ ಹತ್ತಿದಾಗ.

ಟಿವಿ ಅನಿಮೇಷನ್ ಹುಟ್ಟಿದ್ದೇ ಈ ಇಕ್ಕಟ್ಟಿನಲ್ಲಿ. 1940ರಿಂದ ಟಾಮ್ ಅಂಡ್ ಜೆರ್ರಿ ಮಾಡುತ್ತಿದ್ದ ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಅವರ ಕಾರ್ಟೂನ್ ವಿಭಾಗವನ್ನು ಎಂಜಿಎಂ ಸಿನಿಮಾ ಸಂಸ್ಥೆ 1957ರಲ್ಲಿ ಮುಚ್ಚಿತು. ಇಬ್ಬರೂ ಸ್ವಂತ ಸ್ಟುಡಿಯೊ ತೆರೆದು ಟಿವಿಗೆ ಬಂದರು. ಸಿನಿಮಾ ಥಿಯೇಟರಿನ ಕಾರ್ಟೂನಿಗೆ ಸಿಗುತ್ತಿದ್ದ ದುಡ್ಡಿನ ಚಿಕ್ಕ ಪಾಲು ಮಾತ್ರ ಟಿವಿಯಲ್ಲಿ ಸಿಗುತ್ತಿತ್ತು. ಅವರು ಕಂಡುಕೊಂಡ ದಾರಿ ಅವರದೇ ಕಾರ್ಟೂನ್ ಪಾತ್ರ ಯೋಗಿ ಕರಡಿಯ ಕೊರಳಲ್ಲೇ ಕಾಣುತ್ತದೆ. ಅಂಗಿಯಿಲ್ಲದ ಕರಡಿಗೆ ಕಾಲರ್ ಮತ್ತು ಟೈ ಯಾಕೆ? ತಲೆಗೂ ಮೈಗೂ ನಡುವೆ ಒಂದು ಗೆರೆ ಸಿಕ್ಕಿದರೆ ಮೈ ಹಾಗೆಯೇ ಇಟ್ಟು ತಲೆಯನ್ನಷ್ಟೇ ಮತ್ತೆ ಬಿಡಿಸಬಹುದು. ಮೈ ಅಲುಗದಿದ್ದಾಗ ನೋಡುವವರನ್ನು ಹಿಡಿದಿಡುವುದು ಮಾತು. ಹೀಗೆ ಟಿವಿ ಅನಿಮೇಷನ್‌ನಲ್ಲಿ ಬರಹಗಾರರಿಗೆ ದೊಡ್ಡ ಜಾಗ ಸಿಕ್ಕಿತು.

ಅದೇ ಸ್ಟುಡಿಯೊದ ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್ ಅವರ ದಾರಿಯನ್ನು ಗಮನವಿಟ್ಟು ನೋಡಬೇಕು. ಇಬ್ಬರೂ ಅಲ್ಲಿ ಇದ್ದದ್ದು ಸಂಕಲನದ ಕೆಲಸದಲ್ಲಿ. ಅಲ್ಲಿಂದ ಬರವಣಿಗೆಗೆ ಬಂದರು, 1969ರಲ್ಲಿ ಸ್ಕೂಬಿ ಡೂ ಸರಣಿಯನ್ನು ಕಟ್ಟಿದರು, 1977ರಲ್ಲಿ ಸ್ವಂತ ನಿರ್ಮಾಣ ಸಂಸ್ಥೆ ತೆರೆದರು. ಸಂಕಲನದ ಮೇಜಿನಲ್ಲಿ ಕೂತವರಿಗೆ ಒಂದು ಶಾಟ್ ಎಷ್ಟು ಹೊತ್ತು ನಿಂತರೆ ಸಾಕು, ಎಲ್ಲಿ ಬೇಸರ ಬರುತ್ತದೆ ಎಂಬುದು ಕೈಗೇ ಗೊತ್ತಿರುತ್ತದೆ. ಆ ಸರಣಿಯ ಉದ್ದ ಪಡಸಾಲೆಯ ಓಟ ನೆನಪಿಸಿಕೊಳ್ಳಿ: ಒಂದೇ ಗೋಡೆ, ಅವೇ ಬಾಗಿಲು ಮತ್ತೆ ಮತ್ತೆ ಸರಿಯುತ್ತವೆ. ಹೊಸ ಹಿನ್ನೆಲೆ ಬಿಡಿಸುವ ಖರ್ಚು ಉಳಿಯಿತು, ನಗುವೂ ಹುಟ್ಟಿತು. ಬರಹಗಾರರಾಗಬೇಕು ಎನ್ನುವವರು ಬರವಣಿಗೆಯ ಬಾಗಿಲಿನಿಂದಲೇ ಒಳಗೆ ಹೋಗಬೇಕೆಂದಿಲ್ಲ. ಸಂಕಲನ, ಸ್ಟೋರಿಬೋರ್ಡ್ (ಶಾಟ್‌ಗಳನ್ನು ಚೌಕ ಚೌಕವಾಗಿ ಬಿಡಿಸಿಡುವುದು), ನಿರ್ಮಾಣ ಸಹಾಯಕರ ಕೆಲಸ, ಡಬ್ಬಿಂಗ್ ಮಾತು ಬರೆಯುವುದು, ಎಲ್ಲವೂ ಬಾಗಿಲೇ. ನಮ್ಮ ದೇಶದಲ್ಲಂತೂ ಇದು ಇನ್ನೂ ನಿಜ. ಇಲ್ಲಿನ ಸ್ಟುಡಿಯೊಗಳು ಹೊರದೇಶದ ಸರಣಿಗಳಿಗೆ ಮಾಡಿಕೊಡುವ ಕೆಲಸ ಬಹಳ. ಅಂಥ ಕೆಲಸದಲ್ಲಿ ಸ್ಕ್ರಿಪ್ಟ್ ಅಲ್ಲಿಂದಲೇ ಬರುತ್ತದೆ, ಇಲ್ಲಿ ಬಿಡಿಸುತ್ತಾರೆ. ಆದ್ದರಿಂದ ಬಿಡಿಸುವವರಿಗೆ ಸಿಗುವಷ್ಟು ಕುರ್ಚಿ ಬರೆಯುವವರಿಗೆ ಸಿಗುವುದಿಲ್ಲ. ಸ್ವಂತ ಪಾತ್ರಗಳನ್ನು ಕಟ್ಟುವ ಸ್ಟುಡಿಯೊಗಳಲ್ಲಿ ಬರಹಗಾರರು ಬೇಕು. 2008ರಲ್ಲಿ ಪೋಗೊ ಚಾನೆಲ್‌ನಲ್ಲಿ ಶುರುವಾದ ಛೋಟಾ ಭೀಮ್ ಅನ್ನು ಮಾಡಿದ ಗ್ರೀನ್ ಗೋಲ್ಡ್ ಸಂಸ್ಥೆ ಹೈದರಾಬಾದಿನದು. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ.

ಈಗ ಒಂದು ಕಂತು ಹೇಗೆ ಬೆಳೆಯುತ್ತದೆ ನೋಡೋಣ. ಬಿದರಿ ಕೆಲಸದ ಮನೆಯ ಹುಡುಗಿ ನಿಂಗಿ ಎಂದು ಇಟ್ಟುಕೊಳ್ಳಿ.

ಮೊದಲು ಸರಣಿಯ ‘ಬೈಬಲ್’. ಉದ್ಯಮದಲ್ಲಿ ಹಾಗೆಯೇ ಕರೆಯುತ್ತಾರೆ. ಹತ್ತರಿಂದ ಹದಿನೈದು ಪುಟ. ಊರು ಯಾವುದು, ಪಾತ್ರಗಳು ಯಾರು, ಯಾರಿಗೆ ಏನು ಆಸೆ, ಯಾರಿಗೆ ಏನು ಭಯ, ಈ ಲೋಕದಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ, ಕೊನೆಗೆ ಹತ್ತು ಹನ್ನೆರಡು ಕಥೆಗಳ ಎಳೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಪಾತ್ರದ ಗುಣಗಾನ: ‘ನಿಂಗಿ ಜಾಣೆ, ಧೈರ್ಯವಂತೆ, ಎಲ್ಲರಿಗೂ ಸಹಾಯ ಮಾಡುತ್ತಾಳೆ.’ ಇದರಿಂದ ಒಂದು ಕಥೆಯೂ ಹುಟ್ಟುವುದಿಲ್ಲ. ‘ನಿಂಗಿಗೆ ಕಾಯಲು ಆಗುವುದಿಲ್ಲ’ ಎಂದು ಬರೆಯಿರಿ. ಬಿದರಿ ಕೆಲಸವೇ ಕಾಯುವ ಕೆಲಸ. ಅಚ್ಚು ಹೊಯ್ಯಬೇಕು, ಕೆತ್ತಬೇಕು, ಬೆಳ್ಳಿ ತಂತಿ ಕೂರಿಸಬೇಕು, ಆಮೇಲೆ ಕಪ್ಪು ಬರಿಸಬೇಕು. ಕಾಯಲಾರದ ಹುಡುಗಿಯನ್ನು ಕಾಯುವ ಮನೆಯಲ್ಲಿ ಇಟ್ಟಿರಿ ಎಂದರೆ 52 ಕಂತಿಗೆ ಬೀಜ ಸಿಕ್ಕಿತು.

ಆಮೇಲೆ ಪ್ರೆಮಿಸ್, ಅಂದರೆ ಒಂದು ಕಂತಿನ ಕಥೆಯ ಎಳೆ, ಅರ್ಧ ಪುಟ. ‘ಮುತ್ಯಾ ಕೋಟೆಯ ಮಣ್ಣು ತರಲು ಹೇಳಿದ್ದಾನೆ. ನಿಂಗಿ ಆಟದ ಅವಸರದಲ್ಲಿ ದಾರಿಯ ಮಣ್ಣನ್ನೇ ತಂದು ಕೊಟ್ಟಿದ್ದಾಳೆ. ಹೂಜಿ ಕಪ್ಪಾಗುತ್ತಿಲ್ಲ. ಸಂಜೆಗೆ ಅದು ಮದುವೆ ಮನೆಗೆ ಹೋಗಬೇಕು.’ ಬಿದರಿ ಪಾತ್ರೆ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮಾಡಿದ್ದು. ಬೀದರ್ ಕೋಟೆಯೊಳಗಿನ ಮಣ್ಣನ್ನು ನವಸಾಗರದ ಜೊತೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತ ಉಳಿಯುತ್ತದೆ. ಕಥೆಯ ಗಂಟು ಈ ನಿಜದಲ್ಲೇ ಇದೆ. ಹೊರಗಿನಿಂದ ರಾಕ್ಷಸನನ್ನು ಕರೆಸುವುದು ಬೇಡ. ಪ್ರೆಮಿಸ್‌ನಲ್ಲಿ ಚಾನೆಲ್‌ನವರು ಹುಡುಕುವುದು ಮೂರು ಮಾತು: ಹುಡುಗಿಗೆ ಏನು ಬೇಕು, ಅಡ್ಡಿ ಯಾವುದು, ಅವಳು ತಾನೇ ಏನು ಮಾಡಿ ಅದನ್ನು ಬಿಡಿಸುತ್ತಾಳೆ. ಮುತ್ಯಾನೇ ಬಂದು ಸರಿಮಾಡಿದರೆ ಕಥೆ ವಾಪಸ್ ಬರುತ್ತದೆ.

ಮೂರನೆಯದು ಔಟ್‌ಲೈನ್, ಮೂರು ನಾಲ್ಕು ಪುಟ, ದೃಶ್ಯದಿಂದ ದೃಶ್ಯಕ್ಕೆ, ಮಾತಿಲ್ಲದೆ. 11 ನಿಮಿಷಕ್ಕೆ ಹತ್ತು ಹನ್ನೆರಡು ದೃಶ್ಯ ಸಾಕು. ಮೊದಲ ಒಂದು ನಿಮಿಷದಲ್ಲಿ ತೊಂದರೆ ಶುರುವಾಗಬೇಕು, ಐದನೇ ನಿಮಿಷದ ಹೊತ್ತಿಗೆ ಅದು ಇನ್ನೂ ಕೆಡಬೇಕು. ಔಟ್‌ಲೈನ್‌ನಲ್ಲಿ ಒಂದು ದೃಶ್ಯ ತೆಗೆಯಲು ಐದು ನಿಮಿಷ ಸಾಕು. ಸ್ಟೋರಿಬೋರ್ಡ್ ಆದ ಮೇಲೆ ತೆಗೆಯಬೇಕೆಂದರೆ ಒಬ್ಬರ ಒಂದು ವಾರದ ದುಡಿಮೆ ಹೋಗುತ್ತದೆ. ಬರೆಯುವವರು ಔಟ್‌ಲೈನ್‌ನಲ್ಲಿ ಅವಸರ ಮಾಡಬಾರದು ಎಂದು ಅಷ್ಟು ಒತ್ತಿ ಹೇಳುವುದು ಇದಕ್ಕೇ.

ಸ್ಕ್ರಿಪ್ಟ್‌ಗೆ ಬಂದರೆ, ಸಿನಿಮಾದ ‘ಪುಟಕ್ಕೊಂದು ನಿಮಿಷ’ ಇಲ್ಲಿ ನಡೆಯುವುದಿಲ್ಲ. ನಟರಿಗೆ ‘ಸಿಟ್ಟಾಗುತ್ತಾಳೆ’ ಎಂದರೆ ಸಾಕು. ಇಲ್ಲಿ ‘ಕೆನ್ನೆ ಉಬ್ಬಿಸಿ, ಹೂಜಿಗೆ ಬೆನ್ನು ಹಾಕಿ ಕೂರುತ್ತಾಳೆ’ ಎಂದು ಬರೆಯಬೇಕು. ಬಿಡಿಸುವವರು ಇನ್ನೊಂದು ಊರಿನಲ್ಲಿ, ಕೆಲವೊಮ್ಮೆ ಇನ್ನೊಂದು ಭಾಷೆಯಲ್ಲಿ ಇರುತ್ತಾರೆ. ಇಂಗ್ಲಿಷ್‌ನಲ್ಲಿ 11 ನಿಮಿಷಕ್ಕೆ 15ರಿಂದ 18 ಪುಟ ಆಗುತ್ತದೆ. ಕನ್ನಡದ ಅಕ್ಷರ ಹೆಚ್ಚು ಜಾಗ ತಿನ್ನುವುದರಿಂದ ಪುಟ ಎಣಿಸಿ ಪ್ರಯೋಜನವಿಲ್ಲ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಗಟ್ಟಿಯಾಗಿ ಓದಿ, ಕ್ರಿಯೆಗಳನ್ನು ಕೈಯಲ್ಲಿ ಆಡಿ ತೋರಿಸುತ್ತ ಓದಿ.

ಮಾತಿನ ವಿಚಾರಕ್ಕೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ಇಲ್ಲಿ ಈ ಭಾಗದವರಿಗೆ ಕೈಯಲ್ಲೇ ಒಂದು ಆಸ್ತಿ ಇದೆ. ಮಕ್ಕಳಿಗೆ ಬಿಡಿಸಿ ಕೇಳುವ ಮಾತು ಸೆಕೆಂಡಿಗೆ ಐದು ಅಕ್ಷರ ಎಂದು ಲೆಕ್ಕ ಹಿಡಿಯಿರಿ. ‘ಮುತ್ಯಾ, ನಾನು ಕೋಟೆಯಿಂದ ಮಣ್ಣನ್ನು ತೆಗೆದುಕೊಂಡು ಬಂದಿದ್ದೇನೆ’ ಎಂದರೆ 20 ಅಕ್ಷರ, ನಾಲ್ಕು ಸೆಕೆಂಡು, ನೂರು ಫ್ರೇಮ್ ಬಾಯಿ ಆಡಬೇಕು. ‘ಮುತ್ಯಾ, ಕೋಟಿ ಮಣ್ಣ ತಂದೀನಿ’ ಎಂದರೆ ಒಂಬತ್ತು ಅಕ್ಷರ, ಎರಡು ಸೆಕೆಂಡಿಗೂ ಕಡಿಮೆ. ಅರ್ಥ ಅದೇ, ಕೆಲಸ ಅರ್ಧ, ಮತ್ತು ಮಗುವಿನ ಬಾಯಲ್ಲಿ ಮಗುವಿನ ಮಾತು. ಕಲಬುರಗಿ, ಬೀದರ್, ಯಾದಗಿರಿಯ ಮಕ್ಕಳು ಕಾರ್ಟೂನಿನಲ್ಲಿ ತಮ್ಮ ಮನೆ ಮಾತು ಕೇಳುವುದು ತೀರ ಅಪರೂಪ. ಪುಸ್ತಕದ ಭಾಷೆಯಲ್ಲಿ ಮಾತಾಡುವ ಮಗು ಪಾತ್ರಗಳು ಅವರಿಗೆ ದೂರದ ನೆಂಟರಂತೆ ಕಾಣುತ್ತವೆ. ಈ ನೆಲಕ್ಕೆ ಟಿವಿ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಆಗಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳೇ ಅದರಲ್ಲಿದ್ದವು. ಕಲಬುರಗಿಯ ದೂರದರ್ಶನ ಕೇಂದ್ರ ಶುರುವಾದದ್ದು 1977ರಲ್ಲಿ, ಬೆಂಗಳೂರಿನದು 1981ರಲ್ಲಿ.

ಬಾಯಿಯ ಆಕಾರದ ಮಾತು. ಒಂದು ಪಾತ್ರಕ್ಕೆ ಎಂಟು ಒಂಬತ್ತು ಬಾಯಿ ಬಿಡಿಸಿಟ್ಟುಕೊಳ್ಳುತ್ತಾರೆ. ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು. ಒ, ಉ ಬಂದಾಗ ತುಟಿ ದುಂಡಗಾಗಬೇಕು. ತ, ಟ, ದ, ಡ ಗಳ ವ್ಯತ್ಯಾಸ ನಾಲಿಗೆಯದು, ಹೊರಗೆ ಕಾಣುವುದಿಲ್ಲ. ಡಬ್ಬಿಂಗ್ ಬರೆಯುವವರು ಮೊದಲು ನೋಡುವುದು ಮೂಲದಲ್ಲಿ ತುಟಿ ಎಲ್ಲಿ ಮುಚ್ಚುತ್ತದೆ, ಮಾತು ಎಲ್ಲಿ ನಿಲ್ಲುತ್ತದೆ ಎಂದು. ಆ ಎರಡು ಜಾಗದಲ್ಲಿ ಕನ್ನಡವೂ ಹಾಗೆಯೇ ಕೂತರೆ ನಡುವಿನದ್ದನ್ನು ಕಣ್ಣು ಕ್ಷಮಿಸುತ್ತದೆ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಬಾಯಿ ತೆರೆದೇ ಇರುತ್ತದೆ. ಇಂಗ್ಲಿಷ್ ಪಾತ್ರ ‘ಮ್’ ಎಂದು ತುಟಿ ಮುಚ್ಚಿ ಮುಗಿಸಿದ ಕಡೆ ನಮ್ಮ ಮಾತು ತೂಗಾಡುತ್ತದೆ. ಅದಕ್ಕೇ ಅನುಭವಿ ಬರಹಗಾರರು ಅಂಥ ಕಡೆ ವಾಕ್ಯವನ್ನು ಮುಂದಿನ ಶಾಟ್‌ಗೆ, ಪಾತ್ರದ ಬೆನ್ನು ಕಾಣುವಾಗ ಮುಗಿಯುವಂತೆ ಹೊಂದಿಸುತ್ತಾರೆ. 2009ರಲ್ಲಿ ಶುರುವಾದ ಚಿಂಟು ಟಿವಿ ಬಂದ ಮೇಲೆ ಕನ್ನಡ ಮಕ್ಕಳು ನೋಡುತ್ತಿರುವುದು ಬಹುಪಾಲು ಇಂಥ ಡಬ್ಬಿಂಗ್ ಕೆಲಸವನ್ನೇ. ಅದನ್ನು ಕೀಳೆಂದು ಬಿಡಬೇಡಿ. ಸೆಕೆಂಡು ಎಣಿಸಿ ಬರೆಯಲು ಅದಕ್ಕಿಂತ ಒಳ್ಳೆಯ ಗರಡಿ ಇಲ್ಲ.

ಸ್ಕ್ರಿಪ್ಟ್ ಒಪ್ಪಿಗೆಯಾದ ಮೇಲೆ ಧ್ವನಿ ಮೊದಲು, ಚಿತ್ರ ಆಮೇಲೆ. ಕಲಾವಿದರ ಧ್ವನಿ ಸಿಗುವವರೆಗೆ ಯಾರೋ ಓದಿದ ಕಚ್ಚಾ ಧ್ವನಿಯನ್ನು ಇಟ್ಟುಕೊಳ್ಳುತ್ತಾರೆ. ಅದರ ಮೇಲೆ ಸ್ಟೋರಿಬೋರ್ಡ್. ಶಾಟ್ ಒಂದಕ್ಕೆ ನಾಲ್ಕು ಸೆಕೆಂಡಿನಂತೆ 165 ಶಾಟ್, ಶಾಟ್‌ಗೆ ಮೂರು ನಾಲ್ಕು ಚಿತ್ರದಂತೆ ಐನೂರು ಆರುನೂರು ಚೌಕ. ಅವನ್ನು ಧ್ವನಿಗೆ ಹೊಂದಿಸಿ ಓಡಿಸಿದರೆ ಅದೇ ಅನಿಮ್ಯಾಟಿಕ್. ಕಥೆ ನಿಲ್ಲುತ್ತದೋ ಬೀಳುತ್ತದೋ ಇಲ್ಲೇ ಗೊತ್ತಾಗುತ್ತದೆ. ಅನಿಮ್ಯಾಟಿಕ್ 12 ನಿಮಿಷ ಬಂದರೆ ಒಂದು ನಿಮಿಷ ಇಲ್ಲಿಯೇ ಕತ್ತರಿಸಬೇಕು. ‘ಮುಂದೆ ನೋಡೋಣ’ ಎಂದು ಬಿಟ್ಟ 60 ಸೆಕೆಂಡಿಗೆ ಇಬ್ಬರು ಕಲಾವಿದರ ಒಂದು ವಾರ ಖರ್ಚಾಗುತ್ತದೆ, ಕೊನೆಗೆ ಅದು ಪ್ರಸಾರವೂ ಆಗುವುದಿಲ್ಲ.

ನಿಂಗಿಯ ಕಥೆಯಲ್ಲಿ ಎಲ್ಲಿ ಪೆಟ್ಟು ಬೀಳುತ್ತದೆ ಹೇಳುತ್ತೇನೆ. ಹೂಜಿಯ ಮೇಲೆ ಬೆಳ್ಳಿ ಬಳ್ಳಿ ಇದೆ. ‘ನಿಂಗಿ ಹೂಜಿಯನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾಳೆ’ ಎಂದು ಬರೆದಿರಿ ಎಂದರೆ, ತಿರುಗುವ ದುಂಡು ಮೈ ಮೇಲೆ ಪ್ರತಿ ಎಲೆಯೂ ಸರಿಯಾಗಿ ಬಾಗಬೇಕು. 2ಡಿ ಕೆಲಸದಲ್ಲಿ ಇದಕ್ಕಿಂತ ಕಷ್ಟದ್ದು ಕಡಿಮೆ. ಇಳಕಲ್ ಸೀರೆಯ ಅಂಚು, ಚೌಕುಳಿ ಲುಂಗಿ, ಬಿದರಿ ನಕ್ಷೆ ಇವೆಲ್ಲ ನಿಂತಲ್ಲಿ ಚಂದ, ಅಲುಗಿದರೆ ಕಷ್ಟ. ಹೂಜಿ ಕಪಾಟಿನಲ್ಲಿ ನಿಲ್ಲಲಿ, ನಿಂಗಿ ಅದರ ಸುತ್ತ ತಿರುಗಲಿ. ಎರಡನೆಯದು ಒಲೆ. ಪಾತ್ರೆ ಬಿಸಿ ಮಾಡುವುದು ಮುತ್ಯಾನೇ ಆಗಬೇಕು. ಆರು ವರ್ಷದ ಮಗು ನೋಡಿ ಮನೆಯಲ್ಲಿ ಮಾಡಬಹುದಾದ ಯಾವ ಅಪಾಯವನ್ನೂ ನಾಯಕಿ ಮಾಡಬಾರದು: ಕಾದ ಲೋಹ, ಸ್ವಿಚ್ ಬೋರ್ಡ್, ಬಾವಿಯ ಕಟ್ಟೆ. ಈ ಕಾರಣಕ್ಕೆ ಚಾನೆಲ್‌ನಿಂದ ಸ್ಕ್ರಿಪ್ಟ್ ವಾಪಸ್ ಬರುವುದು ಸಾಮಾನ್ಯ.

ನಿರ್ಮಾಪಕರ ಕೆಲಸವನ್ನು ಬರೀ ದುಡ್ಡು ತರುವುದು ಎಂದುಕೊಂಡವರು ಇದ್ದಾರೆ. ದುಡ್ಡು ತರುವುದು ಅದರ ಒಂದು ತುದಿ. ದಿನದ ಕೆಲಸ ಬೇರೆ: ಒಂದನೇ ಕಂತು ಬಣ್ಣದಲ್ಲಿದ್ದಾಗ ಐದನೆಯದು ಅನಿಮೇಷನ್‌ನಲ್ಲಿ, ಒಂಬತ್ತನೆಯದು ಸ್ಟೋರಿಬೋರ್ಡ್‌ನಲ್ಲಿ, ಹದಿಮೂರನೆಯದು ಬರವಣಿಗೆಯಲ್ಲಿ ಇರುವಂತೆ ನೋಡಿಕೊಳ್ಳುವುದು. ಬರವಣಿಗೆ ಎರಡು ವಾರ ತಡವಾದರೆ ಬಿಡಿಸುವವರು ಎರಡು ವಾರ ಖಾಲಿ ಕೂರುತ್ತಾರೆ, ಸಂಬಳ ಮಾತ್ರ ಹೋಗುತ್ತಲೇ ಇರುತ್ತದೆ. ಆದ್ದರಿಂದ ಪ್ರತಿ ಕಂತಿಗೂ ಒಂದು ಪಟ್ಟಿ ಇರುತ್ತದೆ: ಹೊಸ ಪಾತ್ರ ಎಷ್ಟು, ಹೊಸ ಹಿನ್ನೆಲೆ ಎಷ್ಟು, ಹೊಸ ವಸ್ತು ಎಷ್ಟು. ಸರಣಿ ಶುರುವಾಗುವ ಮುನ್ನವೇ ‘ಕಂತಿಗೆ ಎರಡು ಹೊಸ ಪಾತ್ರ, ನಾಲ್ಕು ಹೊಸ ಹಿನ್ನೆಲೆ’ ಎಂದು ಕಟ್ಟು ಹಾಕಿಕೊಳ್ಳಬೇಕು. ಒಂದು ಕಂತಿನಲ್ಲಿ ಜಾಸ್ತಿ ಬೇಕಾದರೆ ಇನ್ನೊಂದು ಕಂತನ್ನು ಪೂರ್ತಿ ಮನೆಯ ಪಡಸಾಲೆಯಲ್ಲೇ ನಡೆಸಬೇಕು. ಇಂಥ ಪಡಸಾಲೆ ಕಂತುಗಳೇ ಎಷ್ಟೋ ಸಲ ಸರಣಿಯ ಅತ್ಯುತ್ತಮ ಕಂತುಗಳಾಗುತ್ತವೆ, ಏಕೆಂದರೆ ಅಲ್ಲಿ ಪಾತ್ರಗಳನ್ನು ಬಿಟ್ಟು ಇನ್ನೇನೂ ಇರುವುದಿಲ್ಲ. ಇನ್ನೊಂದು ಎಚ್ಚರ: ಸಂಗೀತ ಮತ್ತು ಶಬ್ದಗಳ ಟ್ರ್ಯಾಕ್ ಅನ್ನು ಮಾತಿನಿಂದ ಬೇರೆಯಾಗಿ ಇಟ್ಟಿರಬೇಕು. ಒಟ್ಟಿಗೆ ಬೆರೆಸಿಬಿಟ್ಟರೆ ಸರಣಿಯನ್ನು ತೆಲುಗಿಗೋ ಮರಾಠಿಗೋ ಡಬ್ ಮಾಡುವಾಗ ಶಬ್ದವನ್ನೆಲ್ಲ ಹೊಸದಾಗಿ ಕಟ್ಟಬೇಕಾಗುತ್ತದೆ. ಪರದೆಯ ಮೇಲಿನ ಬೋರ್ಡು, ಪತ್ರಗಳ ಬರಹವೂ ಹಾಗೆಯೇ ಬೇರೆ ಪದರದಲ್ಲಿರಲಿ.

ಹಕ್ಕಿನ ವಿಷಯ. ನಿಮ್ಮ ಕಲ್ಪನೆಗೆ ಹಕ್ಕುಸ್ವಾಮ್ಯ ಇಲ್ಲ, ಬರೆದ ರೂಪಕ್ಕೆ ಇದೆ. ಆದ್ದರಿಂದ ಬಾಯಲ್ಲಿ ಕಥೆ ಹೇಳುವ ಮುನ್ನ ಬರೆದಿಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಸಂಬಳದ ನೌಕರರಾಗಿ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಸ್ಥೆಯದು. ಹೊರಗಿನಿಂದ ಬರೆದುಕೊಡುವವರು ಒಪ್ಪಂದದಲ್ಲಿ ಅವಧಿ ಮತ್ತು ಪ್ರದೇಶ ಏನೆಂದು ನೋಡಬೇಕು. ಅವಧಿ ಬರೆದಿಲ್ಲದಿದ್ದರೆ ಹಸ್ತಾಂತರ ಐದು ವರ್ಷಕ್ಕೆ, ಪ್ರದೇಶ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ಹೇಳುತ್ತದೆ. 2012ರ ತಿದ್ದುಪಡಿ ಬರಹಗಾರರಿಗೆ ರಾಯಲ್ಟಿಯ ಹಕ್ಕನ್ನೂ ಗಟ್ಟಿ ಮಾಡಿದೆ. ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ. ಪಾತ್ರ ಜನಪ್ರಿಯವಾದ ಮೇಲೆ ಚೀಲ, ಟಿಫಿನ್ ಡಬ್ಬಿ, ಆಟಿಕೆಗಳಿಂದ ಬರುವ ಹಣದ ಮಾತು ಆ ಮೊದಲ ಕಾಗದದಲ್ಲೇ ತೀರ್ಮಾನವಾಗಿರುತ್ತದೆ.

ಇಲ್ಲಿಂದಲೇ ಶುರು ಮಾಡುವವರಿಗೆ ಒಂದು ಕೆಲಸ ಕೊಡುತ್ತೇವೆ. ಒಂದು ನಿಮಿಷದ ಅನಿಮ್ಯಾಟಿಕ್. ಎರಡೇ ಪಾತ್ರ, ಒಂದೇ ಜಾಗ, 20 ಚಿತ್ರ. ಚಿತ್ರ ಬರದವರು ಕಡ್ಡಿ ಮನುಷ್ಯರನ್ನು ಬಿಡಿಸಿ, ಪರವಾಗಿಲ್ಲ. ಚಿತ್ರ, ಅನಿಮೇಷನ್ ಮಾಡುವ ತಂತ್ರಾಂಶಗಳಾದ ಬ್ಲೆಂಡರ್, ಕ್ರಿಟಾ, ಓಪನ್‌ಟೂನ್ಜ್ ಮೂರೂ ಉಚಿತ. ಧ್ವನಿಯನ್ನು ಮೊಬೈಲಿನಲ್ಲೇ ಹಿಡಿಯಬಹುದು, ಆದರೆ ಫ್ಯಾನ್, ಕೂಲರ್ ಆರಿಸಿ. ಏಪ್ರಿಲ್, ಮೇ ಬಿಸಿಲಲ್ಲಿ ಅದು ಹಗಲಿಗೆ ಆಗದ ಮಾತು, ನಸುಕಿನ ಐದಕ್ಕೆ ಎದ್ದು ಮಾಡಿ. ಕೋಣೆಯ ಗೋಡೆ ಗೋಡೆಗೆ ಸದ್ದು ಬಡಿಯದಂತೆ ಎದುರು ಎರಡು ಕೌದಿ ತೂಗುಹಾಕಿ. ಸ್ಕ್ರಿಪ್ಟನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬರೆದ ಕಡತ ಇನ್ನೊಂದು ಕಂಪ್ಯೂಟರಿನಲ್ಲಿ ಗೀಚಿದಂತೆ ತೆರೆದುಕೊಳ್ಳುತ್ತದೆ, ಓದುವವರು ಅಲ್ಲಿಗೇ ಮುಚ್ಚುತ್ತಾರೆ. ಸ್ಟುಡಿಯೊಗಳಿಗೆ ಕಳಿಸುವಾಗ ಒಂದು ಸ್ವಂತ ಕಥೆಯ 11 ನಿಮಿಷದ ಸ್ಕ್ರಿಪ್ಟ್, ಪ್ರಸಾರದಲ್ಲಿರುವ ಯಾವುದಾದರೂ ಸರಣಿಗೆ ಮಾದರಿಗಾಗಿ ಬರೆದ ಇನ್ನೊಂದು, ಜೊತೆಗೆ ಈ ಒಂದು ನಿಮಿಷ. ಕನ್ನಡ ಸ್ಕ್ರಿಪ್ಟಿನ ಜೊತೆ ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ ಒಂದು ಪುಟದ ಸಾರಾಂಶವೂ ಇರಲಿ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ: ‘ನಮ್ಮ ಕಡೀ ಮಾತಿನ್ಯಾಗ ಬರದ್ರ ಮೈಸೂರು ಮಕ್ಕಳಿಗೆ ತಿಳೀತದೇನ್ರಿ?’ ಉತ್ತರಕ್ಕೆ ಯುನಿಸೆಫ್‌ನ ಕಾರ್ಟೂನ್ ಹುಡುಗಿ ಮೀನಾಳನ್ನು ನೆನಪಿಸಿಕೊಂಡೆವು. 1990ರ ದಶಕದಲ್ಲಿ ಅನಿಮೇಷನ್ ಕಲಾವಿದ ರಾಮ್ ಮೋಹನ್ ಅವರು ರೂಪ ಕೊಟ್ಟ ಆ ಹುಡುಗಿ ಭಾರತ, ಬಾಂಗ್ಲಾದೇಶ, ನೇಪಾಳ, ಪಾಕಿಸ್ತಾನ ನಾಲ್ಕೂ ಕಡೆ ನಡೆಯಬೇಕಿತ್ತು. ಅವಳ ರೂಪ, ಉಡುಪನ್ನು ಹಳ್ಳಿಯ ಜನರಿಗೆ ತೋರಿಸಿ, ಅವರು ಹೇಳಿದ್ದನ್ನು ಕೇಳಿ ತಿದ್ದಿದರು. ನಿಮ್ಮ ಒಂದು ನಿಮಿಷವನ್ನೂ ಹಾಗೆಯೇ ಮಾಡಿ. ಜೇವರ್ಗಿಯ ಐದು ಮಕ್ಕಳಿಗೆ ತೋರಿಸಿ, ಮೈಸೂರಿನಲ್ಲಿ ಗುರುತಿದ್ದವರ ಮನೆಯ ಐದು ಮಕ್ಕಳಿಗೆ ಮೊಬೈಲಿನಲ್ಲಿ ಕಳಿಸಿ. ನೋಡುವಾಗ ಏನೂ ವಿವರಿಸಬೇಡಿ. ಯಾವ ಸೆಕೆಂಡಿನಲ್ಲಿ ಮಗು ‘ಏನಂದಳು?’ ಎಂದು ತಿರುಗಿ ನೋಡಿತು, ಬರೆದುಕೊಳ್ಳಿ. ಆ ಒಂದು ಪದವನ್ನು ಬದಲಿಸಿ, ಉಳಿದದ್ದನ್ನು ಮುಟ್ಟಬೇಡಿ.